ಹೋಟೆಲಿನ ಮೇಜು, ಮನೆಯ ಒಲೆ

(ಪೀಣ್ಯದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಭಾಷಣಕ್ಕೆ ಅಂತ ಕರೆದಿದ್ದೀರಿ. ನಾವು ಅಡಿಗೆ ವಿಷಯ ಮಾತಾಡೋಕೆ ಬಂದಿದ್ದೀವಿ. ನಗಬೇಡಿ.

ನಾವು ಆರು ಜನ, ನಿಮ್ಮ ಹಾಗೇ ಹಾಸ್ಟೆಲ್ ಅನ್ನ ತಿಂದು ಓದಿದವರು. ನಾಲ್ವರು ಇಲ್ಲೇ ಪೀಣ್ಯದ ಷೆಡ್ಡುಗಳಲ್ಲಿ ಮೆಷಿನ್ ಮುಂದೆ ನಿಲ್ಲುವವರು. ಒಬ್ಬನಿಗೆ ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರ್ ಕೆಲಸ, ಒಬ್ಬಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮೂರು ವರ್ಷದಿಂದ ಭಾನುವಾರ ರಾತ್ರಿ ಸರದಿ ಪ್ರಕಾರ ಒಬ್ಬೊಬ್ಬರ ಮನೆಯಲ್ಲಿ ಅಡಿಗೆ ಮಾಡಿ ಒಟ್ಟಿಗೆ ಉಣ್ತೀವಿ. ಇಷ್ಟೇ ನಮ್ಮ ಸಂಘ. ಹೆಸರಿಲ್ಲ, ರಬ್ಬರ್ ಸ್ಟಾಂಪಿಲ್ಲ, ಅಧ್ಯಕ್ಷರಂತೂ ಇಲ್ಲವೇ ಇಲ್ಲ.

ಒಟ್ಟಿಗೆ ಉಣ್ಣೋಕೆ ಹೋಟೆಲು ಸಾಲ್ದಾ ಅಂತ ನೀವು ಕೇಳಬಹುದು. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಕೆರೆ, ಬಾವಿಗಳನ್ನು ಎಲ್ಲರಿಗೂ ತೆರೆಯಿತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರಲ್ಲಿ ಶಿಕ್ಷೆಯ ಕಾಯ್ದೆಯೂ ಬಂತು. ಆಮೇಲೂ ಎಷ್ಟೋ ಹಳ್ಳಿಗಳಲ್ಲಿ ನಮಗೆ ಬೇರೆ ಲೋಟ ಇಟ್ಟರು, ಅದು ನಿಮಗೆ ಹೇಳಿಕೊಡಬೇಕಾದ ವಿಷಯವಲ್ಲ. ಆದರೆ ಅಲ್ಲಿ ದೂರು ಕೊಡೋಕೆ ಒಂದು ಕಾನೂನಾದರೂ ಇದೆ. ಮನೆಯ ಅಡಿಗೆಮನೆಗೆ ಯಾವ ವಿಧಿ? ಯಾವ ಪೊಲೀಸು? ಪೀಣ್ಯದ ದರ್ಶಿನಿಯಲ್ಲಿ ನಿಂತುಕೊಂಡು ಇಡ್ಲಿ ತಿನ್ನುವಾಗ ಬೇಯಿಸಿದವನು ಯಾರು, ಪಕ್ಕದವನು ಯಾರು ಅಂತ ಯಾರೂ ಕೇಳಲ್ಲ. ಅಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ. ಜಾತಿ ಅಲ್ಲಿಂದ ಎದ್ದುಹೋಗಿ ಮನೆಯ ಒಲೆ ಹತ್ತಿರ ಕೂತಿದೆ.

ನಮ್ಮ ಷಾಪಿನಲ್ಲಿ ಒಬ್ಬ ಗೆಳೆಯ, ಮೇಲ್ಜಾತಿಯವನು. ಒಳ್ಳೆಯವನು, ಸುಳ್ಳು ಹೇಳಲ್ಲ. ಒಂದೇ ಟೀಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿದಿದ್ದೀವಿ. ರೂಮಿಗೆ ಊಟಕ್ಕೆ ಬಾರೋ ಅಂದ್ರೆ ಮೊದಲ ವಾರ ಹೊಟ್ಟೆ ಸರಿ ಇಲ್ಲ. ಎರಡನೇ ವಾರ ಈಗ್ತಾನೆ ಊಟ ಆಯ್ತು. ಮೂರನೇ ವಾರ ಬಂದ, ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಅದನ್ನೇ ಸುಲಿದು ತಿಂದ. ನಾವು ಬಲವಂತ ಮಾಡಲಿಲ್ಲ. ಐದನೇ ವಾರ ಮುದ್ದೆ, ಹುರುಳಿಕಾಳು ಬಸ್ಸಾರು. ಅವನೇ ತಟ್ಟೆ ಎಳೆದುಕೊಂಡ. ಎರಡನೇ ಸಲ ಸಾರು ಹಾಕಿಸಿಕೊಂಡಾಗ ಯಾರೂ ಏನೂ ಅನ್ನಲಿಲ್ಲ. ಅಂದಿದ್ರೆ ಕೆಡುತ್ತಿತ್ತು. ಅವನ ಸರದಿ ಬಂದಾಗ ಮಾತ್ರ ಫೋನು ಬಂತು: "ಅವ್ವ ಊರಿಂದ ಬಂದವ್ಳೆ ಕಣ್ರೋ, ಈ ವಾರ ಹೋಟೆಲಿಂದ ತರಿಸೋಣ." ಅವನ ಮನೆ ಇನ್ನೂ ನೋಡಿಲ್ಲ. ಅಷ್ಟಕ್ಕೆ ಅವನನ್ನು ಬಿಡಲೂ ಇಲ್ಲ.

ಅವನನ್ನು ಬೈದು ನಾವು ಶುದ್ಧರಾಗೋದು ಬೇಡ. ನಮ್ಮಲ್ಲೇ ಎಡಗೈ ಬಲಗೈ ಅಂತ ಇಲ್ಲವಾ? ಹಾಸ್ಟೆಲಿನಲ್ಲಿ ಒಂದೇ ಸಾಲಿನಲ್ಲಿ ಕೂತು ಉಂಡ ಇಬ್ಬರು, ದಸರಾ ರಜಕ್ಕೆ ಒಬ್ಬನ ಊರಿಗೆ ಹೋದಾಗ ಅವನ ಅಜ್ಜಿ ಇನ್ನೊಬ್ಬನನ್ನು ಜಗುಲಿ ಮೇಲೇ ಕೂರಿಸಿದಳು. ಇಬ್ಬರೂ ನಮ್ಮವರೇ. ಹಾಸ್ಟೆಲಿನಲ್ಲಿ ಬಡಿಸಿದ್ದು ಸರ್ಕಾರ, ಅದಕ್ಕೇ ಅಲ್ಲಿ ನಡೀತು.

ಇನ್ನೊಂದು ತಪ್ಪು ಪೂರಾ ನಮ್ಮದು. ಮೊದಲ ನಾಲ್ಕು ತಿಂಗಳು ಮದುವೆಯಾದ ಗೆಳೆಯನ ಮನೆಯಲ್ಲೇ ಹೆಚ್ಚು ಸೇರುತ್ತಿದ್ದೆವು. ಅವನ ಹೆಂಡತಿ ಗಾರ್ಮೆಂಟ್ಸಿನಲ್ಲಿ ಆರು ದಿನ ದುಡಿಯುವವಳು. ನಾವು ಹೊರಗೆ ಕೂತು ಸಮಾನತೆ ಮಾತಾಡೋದು, ಅವಳು ಒಳಗೆ ಮುದ್ದೆ ತಿರುವೋದು. ಒಂದು ರಾತ್ರಿ ಪಾತ್ರೆ ರಾಶಿ ತೋರಿಸಿ ಕೇಳಿದಳು: "ಅಣ್ಣಾ, ನಿಮ್ಮ ಸಮಾನತೇಲಿ ನನ್ನ ಪಾಲು ಇಷ್ಟೇನಾ?" ನಮಗೆ ಉತ್ತರ ಇರಲಿಲ್ಲ. ಮಾರನೇ ವಾರದಿಂದ ಯಾರ ಮನೆಯಾದರೂ ಸರಿ, ಗಂಡಸರೇ ಕಾಯಿ ತುರಿಯೋದು, ಪಾತ್ರೆ ತಿಕ್ಕೋದು. ಮುದ್ದೆ ಗಂಟಾಗದ ಹಾಗೆ ತಿರುವೋಕೆ ಎರಡು ತಿಂಗಳು ಹಿಡೀತು. ಈಗ ಅವಳು ನಮ್ಮ ಜೊತೆ ಕೂತು ವಾದ ಮಾಡ್ತಾಳೆ, ಹೆಚ್ಚಿನ ಸಲ ಗೆಲ್ತಾಳೆ.

ಇದೇನು ನಾವೇ ಕಂಡುಹಿಡಿದದ್ದಲ್ಲ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಈಳವರ ಅಯ್ಯಪ್ಪನ್ ಪುಲಯರ ಜೊತೆ ಕೂತು ಉಂಡರು. ಅವರ ಜಾತಿಯವರೇ ಬಹಿಷ್ಕಾರ ಹಾಕಿ "ಪುಲಯ ಅಯ್ಯಪ್ಪ" ಅಂತ ಹಂಗಿಸಿದರು. ಅವರು ಆ ಬೈಗುಳವನ್ನೇ ಬಿರುದು ಅಂದುಕೊಂಡರು. ಮುಂದೆ ಜನ ಅವರನ್ನು ಸಹೋದರನ್ ಅಯ್ಯಪ್ಪನ್ ಅಂತ ಕರೆದರು. ಆದರೆ ಬಾಬಾಸಾಹೇಬರು 1936ರಲ್ಲಿ, ಲಾಹೋರಿನ ಸಭೆ ರದ್ದಾದ ಮೇಲೆ ತಾವೇ ಅಚ್ಚು ಹಾಕಿಸಿದ ಜಾತಿ ವಿನಾಶದ ಭಾಷಣದಲ್ಲಿ, ಸಹಭೋಜನ ಒಂದರಿಂದಲೇ ಜಾತಿ ಸಾಯೋದಿಲ್ಲ, ರಕ್ತಸಂಬಂಧ ಬೆಳೀಬೇಕು ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಅದು ನಮಗೂ ಗೊತ್ತು. ಆದರೆ ಅಡಿಗೆಮನೆಯ ಹೊಸಿಲು ದಾಟದವರು ಬೀಗರಾಗೋದು ಹೇಗೆ?

ಶುರು ಮಾಡೋರಿಗೆ ಒಂದೆರಡು ಮಾತು. ಎಂಟು ಜನ ಮೀರಬೇಡಿ, ರೂಮು ಹಿಡಿಯಲ್ಲ. ದಿನ ಬದಲಾಯಿಸಬೇಡಿ. ಪಾಳಿ ಇದ್ದವನಿಗೆ ಊಟ ಎತ್ತಿಡಿ. ಖರ್ಚು ಒಂದು ನೋಟ್‌ಬುಕ್ಕಿನಲ್ಲಿ ಬರೀರಿ. ನಮಗೆ ತಲೆಗೆ ಅರವತ್ತು ಎಪ್ಪತ್ತು ರೂಪಾಯಿ ಬೀಳುತ್ತೆ, ಮಾಂಸ ತಂದ ವಾರ ಜಾಸ್ತಿ. ಯಾರ ಮನೆಯೋ ಅವರ ಊಟ: ಕಲಬುರಗಿಯವನು ಜೋಳದ ರೊಟ್ಟಿ ಬಡೀಲಿ, ಕೋಲಾರದವನು ಉಪ್ಸಾರು ಮಾಡ್ಲಿ, ಬೋಟಿ ಗೊಜ್ಜು ಮಾಡುವವನು ನಾಚಿಕೆ ಪಡಬೇಕಾಗಿಲ್ಲ. ಬೇಡದವನು ಬಿಡಲಿ, ಮೂಗು ಮುಚ್ಚಬಾರದು. ದೂರ ಅನ್ನಬೇಡಿ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವಳು ಆರ್.ವಿ. ರಸ್ತೆಯಲ್ಲಿ ಹಸಿರು ಗಾಡಿ ಹತ್ತಿ ಪೀಣ್ಯಕ್ಕೆ ಬರ್ತಾಳೆ. ಮನೆ ಓನರ್ ಮಾತ್ರ ಕಷ್ಟ. "ನೀವು ಏನ್ ಜನ?" ಅಂತ ಕೇಳಿಯೇ ಬೀಗದಕೈ ಕೊಡುವವರು ಈಗಲೂ ಇದ್ದಾರೆ. ಸಾರಿನ ವಾಸನೆಗೆ ಒಂದು ಸಲ ರೂಮು ಬಿಡಬೇಕಾಯ್ತು. ಪಕ್ಕದ ಬೀದಿಗೆ ಹೋದ್ವಿ, ಒಂದು ಭಾನುವಾರವೂ ತಪ್ಪಲಿಲ್ಲ.

ಬರೋ ಭಾನುವಾರ ಆ ಷಾಪಿನ ಗೆಳೆಯನ ಸರದಿ. ಅವ್ವ ಇನ್ನೂ ಊರಿಗೆ ಹೋಗಿಲ್ಲ. ಆದರೂ ನಿನ್ನೆ "ಬನ್ನಿ" ಅಂದಿದ್ದಾನೆ. ನೋಡೋಣ. ಅದರ ಮುಂದಿನ ವಾರ ನಮ್ಮ ರೂಮು, ಅವರೆಕಾಳು ಸಾರು. ನಿಮ್ಮಲ್ಲಿ ಇಬ್ಬರಿಗೆ ಜಾಗ ಇದೆ. ತಟ್ಟೆ ತನ್ನಿ, ನಮ್ಮಲ್ಲಿ ಇರೋದು ಏಳೇ.