ಸೇದದವರ ಹಕ್ಕು ಮತ್ತು ನಮ್ಮ ಮೌನ



ಧೂಮಪಾನ ತನ್ನ ವೈಯಕ್ತಿಕ ವಿಚಾರವೆಂದು ಸೇದುವವನು ವಾದಿಸುತ್ತಾನೆ. ಹಣ ತನ್ನದು, ದೇಹ ತನ್ನದು, ಇತರರಿಗೇನು ನಷ್ಟ ಎಂಬುದು ಅವನ ಪ್ರಶ್ನೆ. ಇದಕ್ಕೆ ವಿಜ್ಞಾನವು ಎಂದೋ ಉತ್ತರ ನೀಡಿದೆ. ತಾವು ಸೇದದಿದ್ದರೂ ವಿಪರೀತ ಸೇದುವ ಗಂಡಂದಿರೊಡನೆ ಬಾಳಿದ ಮಹಿಳೆಯರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅಧಿಕವೆಂದು ಜಪಾನಿನ ತಕೇಶಿ ಹಿರಾಯಾಮಾ 1981ರಲ್ಲಿಯೇ ತೋರಿಸಿಕೊಟ್ಟರು. ಪರರ ಹೊಗೆಯಿಂದ ಪ್ರತಿ ವರ್ಷ ಹತ್ತು ಲಕ್ಷಕ್ಕೂ ಅಧಿಕ ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಮಾಡದ ತಪ್ಪಿಗೆ ಎಂತಹ ಘೋರ ಶಿಕ್ಷೆ!

ನಮ್ಮ ನ್ಯಾಯಾಲಯಗಳು ಈ ಅನ್ಯಾಯವನ್ನು ಗುರುತಿಸಿವೆ. ಸಾರ್ವಜನಿಕ ಸ್ಥಳದ ಧೂಮಪಾನವು ಸಂವಿಧಾನದ 21ನೇ ವಿಧಿ ನೀಡಿರುವ ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಕೇರಳ ಹೈಕೋರ್ಟ್ 1999ರಲ್ಲಿ ತೀರ್ಪಿತ್ತಿತು. ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಮ್ ಕೋರ್ಟ್ 2001ರಲ್ಲಿ ಆಸ್ಪತ್ರೆ, ಶಾಲೆ, ಕಚೇರಿ, ಬಸ್ಸು, ರೈಲುಗಳಲ್ಲಿ ಅದನ್ನು ನಿಷೇಧಿಸಲು ಆದೇಶಿಸಿತು. 2003ರಲ್ಲಿ ಕಾನೂನು ಬಂತು. 2008ರ ಅಕ್ಟೋಬರ್ 2ರಿಂದ ಬಿಗಿಯಾದ ನಿಯಮಗಳು ಜಾರಿಯಾದವು. 200 ರೂಪಾಯಿಯಷ್ಟಿದ್ದ ದಂಡವನ್ನು ಕರ್ನಾಟಕವು 2025ರಲ್ಲಿ ಒಂದು ಸಾವಿರಕ್ಕೆ ಏರಿಸಿದೆ.

ಹಾಗಾದರೆ ಬಸ್‌ ನಿಲ್ದಾಣದಲ್ಲಿ, ಚಹಾದ ಹೋಟೆಲಿನಲ್ಲಿ ಹೊಗೆ ಏಕೆ ನಿಂತಿಲ್ಲ? ಆ ನಿಯಮಗಳು ಸ್ಥಳದ ಮಾಲಕನ ಮೇಲೆಯೂ ಹೊಣೆ ಹೊರಿಸಿವೆಯೆಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಅವನು ಅಲ್ಲಿ ನಿಷೇಧದ ಫಲಕ ಹಾಕಬೇಕು. ಯಾರಲ್ಲಿ ದೂರಬೇಕೆಂಬುದನ್ನು ಹೆಸರು ಸಹಿತ ಪ್ರಕಟಿಸಬೇಕು. ಬೂದಿ ತಟ್ಟೆಯನ್ನಾಗಲಿ, ಬೆಂಕಿಪೆಟ್ಟಿಗೆಯನ್ನಾಗಲಿ ಒದಗಿಸಬಾರದು. ದೂರಿಗೆ ಕಿವಿಗೊಡದಿದ್ದರೆ ದಂಡ ಅವನಿಗೂ ತಪ್ಪದು.

ಈ ಸಭೆಯಲ್ಲಿ ಅಂಗಡಿ, ಹೋಟೆಲು ನಡೆಸುವ ಸಹೋದರರಿದ್ದೀರಿ. ಗಿರಾಕಿ ಮುನಿಸಿಕೊಂಡಾನೆಂಬ ಅಂಜಿಕೆ ನಿಮಗಿರಬಹುದು. ಗಿರಾಕಿ ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾನೆ. ಲೋಟ ತೊಳೆಯುವ ಕೆಲಸಗಾರ ಮುಂಜಾನೆಯಿಂದ ರಾತ್ರಿಯವರೆಗೆ ಅದೇ ಗಾಳಿಯನ್ನು ಉಸಿರಾಡುತ್ತಾನೆ. ಕಿಟಕಿ ತೆರೆದರೂ, ಫ್ಯಾನ್ ತಿರುಗಿದರೂ ಆ ವಿಷ ಪೂರ್ತಿಯಾಗಿ ಹೋಗುವುದಿಲ್ಲ. ಅವನ ಕೂಲಿಯ ಲೆಕ್ಕದಲ್ಲಿ ಈ ಕಾಯಿಲೆ ಸೇರಿತ್ತೇ?

ಸೇದದವರೂ ದಾಕ್ಷಿಣ್ಯ ಬಿಡಬೇಕು. ಎಳೆಗೂಸನ್ನು ಎತ್ತಿಕೊಂಡ ತಾಯಿ ಹೊಗೆ ಕಂಡು ಜಾಗ ಬಿಟ್ಟು ಸರಿಯುತ್ತಾಳೆ, ಸರಿಯಬೇಕಾದವನು ಸೇದುವವನಲ್ಲವೇ? ಜಗಳ ಬೇಡ, ಸೌಮ್ಯವಾದ ಒಂದು ಮಾತು ಸಾಕು. ಆತ ಕೇಳದಿದ್ದರೆ ಫಲಕದಲ್ಲಿರುವ ಹೆಸರಿಗೆ ದೂರು ಕೊಡಿ. ಫಲಕವೇ ಇಲ್ಲದಿದ್ದರೆ ಅದೆಲ್ಲಿ ಎಂದು ಮಾಲಕನನ್ನು ಕೇಳಿ. ಮುಂದಿನ ಮದುವೆಗೆ ಸಭಾಂಗಣ ಗೊತ್ತುಮಾಡುವಾಗ ಊಟದ ದರದ ಜೊತೆಗೆ ಇದನ್ನೂ ವಿಚಾರಿಸಿ. ಕೇಳುವವರಿದ್ದರೆ ಮಾತ್ರ ಕಾನೂನಿಗೆ ಜೀವ ಬರುತ್ತದೆ.