ಗಾಳಿಪಟ ಕಂಡ ಆಗರ



ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಅಂಚಿನಲ್ಲಿ ಹೇವರ್ಡ್ ಎಂಬ ಊರಿದೆ. ಅಲ್ಲಿನ ತೀರದಲ್ಲಿ 1850ರ ದಶಕದಿಂದಲೇ ಉಪ್ಪು ತೆಗೆಯುತ್ತಿದ್ದರು. ಗೋಕರ್ಣದ ಬಳಿಯ ನಮ್ಮ ಸಾಣಿಕಟ್ಟೆಯಲ್ಲಿ ಮಾಡುವಂತೆಯೇ, ಕಡಲ ನೀರನ್ನು ಆಗರಕ್ಕೆ ಹಾಯಿಸಿ ಬಿಸಿಲಿಗೆ ಬಿಡುವುದು. ದಡದಲ್ಲಿ ನಿಂತವರಿಗೆ ಕಾಣುವುದು ಮಣ್ಣಿನ ಏರಿ, ಬೂದು ಕೆಸರು, ಅಷ್ಟೇ.

ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಕ್ರಿಸ್ ಬೆಂಟನ್ ಗಾಳಿಪಟದ ದಾರಕ್ಕೆ ಕ್ಯಾಮೆರಾ ಕಟ್ಟಿ ಈ ಕೊಲ್ಲಿಯ ಆಗರಗಳ ಮೇಲೆ ಹಾರಿಸಿದರು. ಆ ಚಿತ್ರಗಳು 2013ರಲ್ಲಿ 'ಸಾಲ್ಟ್‌ಸ್ಕೇಪ್ಸ್' ಎಂಬ ಪುಸ್ತಕವಾದವು. ಒಂದು ಹೊಂಡ ಹಸಿರು, ಪಕ್ಕದ್ದು ಕಿತ್ತಳೆ, ಅದರಾಚೆಯದು ಕಡುಗೆಂಪು. ಯಾರೂ ಬಣ್ಣ ಬೆರೆಸಿಲ್ಲ. ಉಪ್ಪು ಹೆಚ್ಚಿದಂತೆ ನೀರಿನಲ್ಲಿ ಬಾಳುವ ಪಾಚಿ, ಸೂಕ್ಷ್ಮಜೀವಿಗಳು ಬೇರೆಯಾಗುತ್ತವೆ, ಬಣ್ಣವೂ ಬೇರೆಯಾಗುತ್ತದೆ.

ಆ ಚಿತ್ರಗಳಲ್ಲಿನ ಇನ್ನೊಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಮನುಷ್ಯ ಕಟ್ಟಿದ ನೇರ ಏರಿಗಳ ನಡುವೆ, ಹಿಂದೆ ಹರಿದಿದ್ದ ತೊರೆಯ ಬಳುಕು ಗೆರೆ ಇನ್ನೂ ಉಳಿದಿದೆ. ಅಷ್ಟು ಕಾಲದ ದುಡಿಮೆಯೂ ಅದನ್ನು ಅಳಿಸಿಲ್ಲ. ದಿನಾ ಓಡಾಡುವ ನೆಲವನ್ನೂ ನಾವು ಎಷ್ಟು ಕಡಿಮೆ ನೋಡಿರುತ್ತೇವೆ!

2003ರಲ್ಲಿ ಅಲ್ಲಿನ ಸರ್ಕಾರ, ಹಳೆಯ ಜೌಗುನೆಲವನ್ನು ಮರಳಿ ತರಲೆಂದು, ಕೊಲ್ಲಿಯ ದಕ್ಷಿಣ ಭಾಗದ 15,100 ಎಕರೆ ಆಗರವನ್ನು ಪಡೆದುಕೊಂಡಿತು. ಹೇವರ್ಡ್ ಬಳಿಯ ಈಡನ್ ಲ್ಯಾಂಡಿಂಗ್‌ನಲ್ಲಿ ಕೆಲವು ಏರಿಗಳನ್ನು ಒಡೆದು, ಭರತದ ನೀರನ್ನು ಮತ್ತೆ ಒಳಗೆ ಬಿಟ್ಟಿದ್ದಾರೆ. ಎಲ್ಲವನ್ನೂ ಒಡೆದಿಲ್ಲ. ಸ್ನೋಯಿ ಪ್ಲೋವರ್ ಎಂಬ ಪುಟ್ಟ ಹಕ್ಕಿ ಉಪ್ಪುಗಟ್ಟಿದ ಬರಿನೆಲದಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕಾಗಿ ಕೆಲವು ಹೊಂಡಗಳನ್ನು ಹಾಗೆಯೇ ಒಣಗಲು ಬಿಟ್ಟಿದ್ದಾರೆ.