'ಸೆಟ್' ಎಂಬ ಪುಟ್ಟ ಪದದ ದೊಡ್ಡ ಸಂಸಾರ



ಹೋಟೆಲಿನಲ್ಲಿ ಸೆಟ್ ದೋಸೆ ತಿನ್ನುವವರು, ತೋಟದಲ್ಲಿ ಪಂಪ್‌ಸೆಟ್ ಚಾಲೂ ಮಾಡುವವರು, ಸಿನಿಮಾ ಸೆಟ್ ನೋಡಲು ಹೋಗುವವರು, ಟೆನಿಸ್‌ನಲ್ಲಿ ಒಂದು ಸೆಟ್ ಸೋಲುವವರು - ಇವರೆಲ್ಲರ ಬಾಯಲ್ಲೂ ಒಂದೇ ಇಂಗ್ಲಿಷ್ ಪದ. ಹೇಳುವ ಸಂಗತಿ ಮಾತ್ರ ಬೇರೆ ಬೇರೆ. ಇಂಗ್ಲಿಷಿನಲ್ಲಿ ಬರೆದರೆ ಇದಕ್ಕೆ ಮೂರೇ ಅಕ್ಷರ. ಆದರೆ ನಿಘಂಟುಕಾರರನ್ನು ಇಷ್ಟೊಂದು ದುಡಿಸಿದ ಪದಗಳು ಕಡಿಮೆ.

ಇಂಗ್ಲಿಷಿಗೊಂದು ಸಮಗ್ರ ನಿಘಂಟು ಬೇಕೆಂಬ ಯೋಚನೆ ಲಂಡನ್ನಿನ ವಿದ್ವಾಂಸರಲ್ಲಿ ಮೂಡಿದ್ದು 1857ರಲ್ಲಿ. ಅದರ ಮೊದಲ ಕಂತು ಹೊರಬಂದದ್ದು 1884ರಲ್ಲಿ, ಕೊನೆಯದು 1928ರಲ್ಲಿ. ಇದೇ ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಎಂದು ಹೆಸರಾಯಿತು. ಅದಕ್ಕಾಗಿ ಜೀವ ತೇಯ್ದ ಸಂಪಾದಕ ಜೇಮ್ಸ್ ಮರ್ರೆ, ಕೆಲಸ ಮುಗಿದದ್ದನ್ನು ಕಾಣದೆ 1915ರಲ್ಲೇ ತೀರಿಕೊಂಡರು. 1989ರ ಎರಡನೆಯ ಆವೃತ್ತಿ 20 ಸಂಪುಟಗಳದು. ಅದರಲ್ಲಿ ಅತಿ ಹೆಚ್ಚು ಜಾಗ ಹಿಡಿದದ್ದು 'ಸೆಟ್'. ಅದರ 430ರಷ್ಟು ಅರ್ಥಗಳನ್ನು ವಿವರಿಸಲು ಸುಮಾರು 60 ಸಾವಿರ ಪದಗಳು ಬೇಕಾದವು. ಅಷ್ಟರಲ್ಲಿ ಒಂದು ಕಾದಂಬರಿಯನ್ನೇ ಬರೆಯಬಹುದಿತ್ತು!

ಈ ಅರ್ಥಗಳ ಕಾಡಿನಲ್ಲಿ ದಾರಿ ಇಲ್ಲವೇ? ಇದೆ. 'ಸಿಟ್' ಎಂದರೆ ಕೂರು; 'ಸೆಟ್' ಎಂದರೆ ಮೂಲದಲ್ಲಿ ಕೂರಿಸು. ಕನ್ನಡದ 'ಕೂರಿಸು' ಎಂಬ ಪದವನ್ನೇ ನೋಡಿ. ಚೌತಿಗೆ ಗಣಪತಿ ಕೂರಿಸುತ್ತಾರೆ, ದಸರೆಗೆ ಗೊಂಬೆ ಕೂರಿಸುತ್ತಾರೆ. ಅಕ್ಕಸಾಲಿಗ ಉಂಗುರಕ್ಕೆ ಹರಳು ಕೂರಿಸುತ್ತಾನೆ, ನಾಟಿ ವೈದ್ಯ ಮುರಿದ ಮೂಳೆ ಕೂರಿಸುತ್ತಾನೆ. ಇಂಗ್ಲಿಷಿನವರೂ ಹರಳು, ಮೂಳೆ ಎರಡಕ್ಕೂ 'ಸೆಟ್' ಎಂದೇ ಹೇಳುತ್ತಾರೆ. ಗಡಿಯಾರದ ಮುಳ್ಳನ್ನು ಸರಿಯಾದ ಜಾಗಕ್ಕೆ ತಂದರೆ ಅದು ಸೆಟ್. ಕಲಸಿದ ಸಿಮೆಂಟ್ ಗಟ್ಟಿಯಾಗಿ ಕೂತರೆ ಅದೂ ಸೆಟ್. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕೆ 'ಸೆಟ್ಲ್‌ಗಾಂಗ್' ಎಂಬ ಮಾತಿತ್ತು. ಆಸನದತ್ತ ಹೋಗುವುದು ಎಂದು ಅದರ ಅರ್ಥ. ದಿನವಿಡೀ ನಡೆದ ಸೂರ್ಯ ಪಡುವಣದಲ್ಲಿ ಹೋಗಿ ಕೂರುತ್ತಾನೆ!

ಹಾಗಾದರೆ ಸೆಟ್ ದೋಸೆ? ಅದರ ವಂಶವೇ ಬೇರೆ. ಗುಂಪು ಎಂಬ ಅರ್ಥದ 'ಸೆಟ್' ಬಂದದ್ದು ಹಳೆಯ ಫ್ರೆಂಚ್ ಮೂಲಕ, ಲ್ಯಾಟಿನ್ನಿನ 'ಸೆಕ್ಟ' ಪದದಿಂದ. ಅನುಸರಿಸುವುದು, ಅನುಯಾಯಿಗಳ ಗುಂಪು ಎಂದು ಅದರ ಅರ್ಥ. ಪಂಥ ಎನ್ನಲು ಬಳಸುವ 'ಸೆಕ್ಟ್' ಇದರ ಒಡಹುಟ್ಟು. ಒಂದೇ ತಟ್ಟೆಯಲ್ಲಿ ಒಟ್ಟಾಗಿ ಬರುವ ದೋಸೆಗಳದೂ ಒಂದು ಪಂಥವೇ ಅನ್ನಿ. ಎರಡು ಹೊಳೆಗಳು ಕೂಡಿ ಒಂದೇ ಹೆಸರಿನಲ್ಲಿ ಹರಿದಂತೆ, ಈ ಎರಡು ಪದಗಳೂ ಇಂಗ್ಲಿಷಿನಲ್ಲಿ ಒಂದೇ ರೂಪ ತಾಳಿದವು.

'ಸೆಟ್'ನ ದಾಖಲೆಯೂ ಶಾಶ್ವತವಾಗಲಿಲ್ಲ. ಆಕ್ಸ್‌ಫರ್ಡ್ ನಿಘಂಟಿನ ಪರಿಷ್ಕರಣೆಯಲ್ಲಿ 'ರನ್' ಅದನ್ನು ಹಿಂದಿಕ್ಕಿದ ಸುದ್ದಿ 2011ರಲ್ಲಿ ಬಂತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥಗಳು. ಅವನ್ನು ವಿಂಗಡಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ಹಿಂದೆ ಓಡುತ್ತಿದ್ದದ್ದು ಮನುಷ್ಯ, ಕುದುರೆ, ನೀರು. ಆಮೇಲೆ ರೈಲು, ಯಂತ್ರ, ಕಾರ್ಖಾನೆ, ಕಂಪ್ಯೂಟರ್ ಪ್ರೋಗ್ರಾಮು - ಎಲ್ಲವೂ ಓಡತೊಡಗಿದವು. ಬದುಕು ಬದಲಾದಾಗ ಹೊಸ ಹೊರೆ ಹೊರುವುದು ಹಳೆಯ, ಸಣ್ಣ, ದಿನಬಳಕೆಯ ಪದಗಳೇ.

ಇಂಗ್ಲಿಷ್ ಕಲಿಯುವ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಮಾತು ಮುಖ್ಯ. ದ್ಯುತಿಸಂಶ್ಲೇಷಣೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಅವರು ಒಮ್ಮೆ ಉರುಹೊಡೆದರೆ ಮುಗಿಯಿತು. ಅದಕ್ಕೆ ಇರುವುದು ಒಂದೇ ಅರ್ಥ. ಎಡವುವುದು 'ಸೆಟ್ ಔಟ್', 'ಸೆಟ್ ಇನ್', 'ಸೆಟ್ ಆಫ್'ಗಳಲ್ಲಿ. "ಇಷ್ಟು ಸುಲಭದ ಪದವೂ ಗೊತ್ತಿಲ್ಲವೇ?" ಎಂದು ಯಾರಾದರೂ ನಕ್ಕರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಆದರೆ ಪದ ಸಣ್ಣದೆಂದ ಮಾತ್ರಕ್ಕೆ ಸುಲಭವಲ್ಲ. ನುರಿತ ನಿಘಂಟುಕಾರನಿಗೇ ತಿಂಗಳುಗಟ್ಟಲೆ ಹಿಡಿಯುವ ಕೆಲಸದಲ್ಲಿ ಶಾಲೆಯ ಮಗು ತಡವರಿಸಿದರೆ ಅದರಲ್ಲಿ ನಾಚಿಕೆ ಏನಿದೆ?

ಅದೇ ಮಗು ಬಣ್ಣ ಹೊಡೆಯುವುದು, ಗಾಡಿ ಹೊಡೆಯುವುದು, ಹರಟೆ ಹೊಡೆಯುವುದು, ಗೊರಕೆ ಹೊಡೆಯುವುದು - ಇವುಗಳ ವ್ಯತ್ಯಾಸವನ್ನು ಯಾವ ನಿಘಂಟೂ ಇಲ್ಲದೆ ಬಲ್ಲದು. ಏಕೆಂದರೆ ಅದು 'ಹೊಡೆ' ಎಂಬುದನ್ನು ಒಂಟಿಯಾಗಿ ಕಲಿಯಲಿಲ್ಲ; ಮನೆಯಲ್ಲಿ, ಬೀದಿಯಲ್ಲಿ ಇಡೀ ಮಾತಾಗಿ ಕೇಳಿ ಕಲಿಯಿತು. ಇಂಗ್ಲಿಷನ್ನೂ ಹಾಗೆಯೇ ಕಲಿಸಬೇಕು. ಪದಗಳ ಪಟ್ಟಿ ಬಾಯಿಪಾಠ ಮಾಡಿಸುವ ಬದಲು ಪೂರ್ತಿ ವಾಕ್ಯಗಳನ್ನು ಕಿವಿಗೆ ಹಾಕಬೇಕು. ಆಗ ಪದಗಳು ತಾವಾಗಿಯೇ ಮನಸ್ಸಿನಲ್ಲಿ ಕೂರುತ್ತವೆ.